ಶೈಲಾಕ್ ಎದ್ದು ಹೋದ ಮೇಲೂ ಒಂದು ಅಂಕ ಇದೆ

(ಬಾಗಲಕೋಟೆಯ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಮತ್ತು ಕನ್ನಡ ವಿಭಾಗದ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಶೇಕ್ಸ್‌ಪಿಯರ್‌ನ ‘ದಿ ಮರ್ಚೆಂಟ್ ಆಫ್ ವೆನಿಸ್’ ಕಾಮಿಡಿಯೋ ಟ್ರ್ಯಾಜಿಡಿಯೋ, ಚರ್ಚಿಸಿ. ಇಂಗ್ಲಿಷ್ ಸಾಹಿತ್ಯ ಓದುವವರಿಗೆ ಈ ಪ್ರಶ್ನೆ ಹೊಸದಲ್ಲ. ಎಲ್ಲರೂ ಬರೆಯುವ ಉತ್ತರವೂ ಒಂದೇ: ಅದೂ ಹೌದು, ಇದೂ ಹೌದು, ಆದ್ದರಿಂದ ಟ್ರ್ಯಾಜಿ-ಕಾಮಿಡಿ. ಅಂಕಗಳೇನೋ ಬರುತ್ತವೆ. ಆದರೆ ಅದು ಉತ್ತರವಲ್ಲ, ಜಾರಿಕೊಳ್ಳುವ ದಾರಿ. ಇವತ್ತು ನಾನು ಒಂದು ಪಕ್ಷ ಹಿಡಿದು ಮಾತಾಡುತ್ತೇನೆ. ಈ ನಾಟಕವನ್ನು ಕಾಮಿಡಿ ಅಂತಲೇ ಓದಬೇಕು. ಹಾಗೆ ಓದಿದರೇನೇ ಅದು ನಮ್ಮನ್ನು ಜಾಸ್ತಿ ಕಾಡುತ್ತದೆ. ಒಪ್ಪದಿದ್ದರೆ ಕೊನೆಯಲ್ಲಿ ಜಗಳ ಆಡೋಣ.

ಕಥೆ ನಿಮಗೆ ಗೊತ್ತು. ಕನ್ನಡ ಶಾಲೆಯಲ್ಲಿ ಓದಿದವರಿಗೂ ‘ಒಂದು ಪೌಂಡ್ ಮಾಂಸ’ದ ಕಥೆ ಹೇಗೋ ಕಿವಿಗೆ ಬಿದ್ದಿರುತ್ತದೆ. ಬಸ್ಸಾನಿಯೊಗೆ ಬೆಲ್ಮಾಂಟಿನ ಶ್ರೀಮಂತೆ ಪೋರ್ಷಿಯಾಳನ್ನು ಮದುವೆಯಾಗಬೇಕು. ಕೈಯಲ್ಲಿ ದುಡ್ಡಿಲ್ಲ. ಗೆಳೆಯ ಆಂಟೋನಿಯೊ ದೊಡ್ಡ ವ್ಯಾಪಾರಿ, ಆದರೆ ಅವನ ದುಡ್ಡೆಲ್ಲ ಸಮುದ್ರದ ಮೇಲಿದೆ. ಹಾಗಾಗಿ ಬಡ್ಡಿಗೆ ಸಾಲ ಕೊಡುವ ಯೆಹೂದಿ ಶೈಲಾಕ್‌ನ ಹತ್ತಿರ ಮೂರು ತಿಂಗಳ ಗಡುವಿಗೆ 3000 ಡ್ಯೂಕಟ್ ತೆಗೆದುಕೊಳ್ಳುತ್ತಾರೆ. ಗಡುವು ತಪ್ಪಿದರೆ ಆಂಟೋನಿಯೊನ ಮೈಯಿಂದ ಒಂದು ಪೌಂಡ್ ಮಾಂಸ. ಹಡಗುಗಳು ಮುಳುಗಿದ ಸುದ್ದಿ ಬರುತ್ತದೆ. ಶೈಲಾಕ್ ಚಾಕು ಮಸೆಯುತ್ತಾನೆ. ಪೋರ್ಷಿಯಾ ಗಂಡು ವೇಷದಲ್ಲಿ ನ್ಯಾಯ ಪಂಡಿತನಾಗಿ ಬಂದು, ಮಾಂಸ ತಗೋ, ಆದರೆ ಒಂದು ಹನಿ ರಕ್ತ ಬೀಳಬಾರದು ಅನ್ನುತ್ತಾಳೆ. ಇಷ್ಟು ಎಲ್ಲರಿಗೂ ಗೊತ್ತು. ಇದರ ನಂತರ ಏನಾಗುತ್ತದೆ ಅನ್ನೋದು ಅಷ್ಟಾಗಿ ಯಾರಿಗೂ ನೆನಪಿರುವುದಿಲ್ಲ. ನನ್ನ ಇವತ್ತಿನ ಮಾತು ಮುಖ್ಯವಾಗಿ ಅದರ ಬಗ್ಗೆ.

ಅದಕ್ಕಿಂತ ಮೊದಲು ಒಂದು ಮಾತು. ಶೈಲಾಕ್‌ಗೆ ಆಂಟೋನಿಯೊ ಮೇಲೆ ಯಾಕೆ ಅಷ್ಟು ಸಿಟ್ಟು? ಅವನೇ ಬಾಯಿಬಿಟ್ಟು ಹೇಳುತ್ತಾನೆ. ಇವನು ಕ್ರಿಶ್ಚಿಯನ್, ಅದಕ್ಕೆ ದ್ವೇಷಿಸುತ್ತೇನೆ. ಅದಕ್ಕಿಂತ ಹೆಚ್ಚಾಗಿ, ಇವನು ಬಡ್ಡಿ ಇಲ್ಲದೆ ಸಾಲ ಕೊಟ್ಟು ವೆನಿಸಿನಲ್ಲಿ ಬಡ್ಡಿ ದರ ಇಳಿಸುತ್ತಾನೆ. ಈ ಸಾಲು ವಿವರಿಸೋಕೆ ಬೇರೆ ಊರಲ್ಲಾದರೆ ಅರ್ಧ ಗಂಟೆ ಬೇಕು. ಬಾಗಲಕೋಟೆಯಲ್ಲಿ ಬೇಕಾಗಿಲ್ಲ. ಹತ್ತಿ, ಜೋಳ, ಸೀರೆ ವ್ಯಾಪಾರ ಕಂಡ ಊರು ಇದು. ಪೇಟೆಯಲ್ಲಿ ಒಬ್ಬ ಸುಮ್ನೆ ಕೈಗಡ ಕೊಡುತ್ತಾ ಹೋದರೆ ಬಡ್ಡಿ ವ್ಯವಹಾರದವನ ಹೊಟ್ಟೆ ಹೇಗೆ ಉರಿಯುತ್ತದೆ ಅಂತ ನಿಮ್ಮ ಮನೆಯ ಹಿರಿಯರನ್ನು ಕೇಳಿ.

ಈಗ ಪುಸ್ತಕದ ಕಪಾಟಿಗೆ ಬರೋಣ. 1598ರಲ್ಲಿ ಲಂಡನ್ನಿನ ಮುದ್ರಕರ ರಿಜಿಸ್ಟರಿನಲ್ಲಿ ಈ ನಾಟಕ ದಾಖಲಾದಾಗಲೇ ಅದಕ್ಕೆ ಎರಡು ಹೆಸರು: ‘ವೆನಿಸಿನ ವರ್ತಕ’, ಇಲ್ಲವೇ ‘ವೆನಿಸಿನ ಯೆಹೂದಿ’. ವರ್ತಕ ಅಂದರೆ ಆಂಟೋನಿಯೊ, ಯೆಹೂದಿ ಅಂದರೆ ಶೈಲಾಕ್. ಇದು ಯಾರ ನಾಟಕ ಅನ್ನೋ ತಕರಾರು ಮೊದಲ ದಿನದಿಂದಲೇ ಇತ್ತು ಅನ್ನಿ. ಅದೇ ವರ್ಷ ಫ್ರಾನ್ಸಿಸ್ ಮೆರೆಸ್ ಎಂಬಾತ ಶೇಕ್ಸ್‌ಪಿಯರ್‌ನ ಕಾಮಿಡಿಗಳ ಪಟ್ಟಿಯಲ್ಲಿ ಇದನ್ನು ಸೇರಿಸಿದ. 1600ರ ಮೊದಲ ಮುದ್ರಣದ ಮುಖಪುಟ ಇದನ್ನು ‘ಹಿಸ್ಟರಿ’ ಎಂದಿತು. ಕವಿ ತೀರಿಕೊಂಡು ಏಳು ವರ್ಷವಾದ ಮೇಲೆ, 1623ರಲ್ಲಿ, ಅವನ ಜೊತೆಯ ನಟರಿಬ್ಬರು 36 ನಾಟಕಗಳನ್ನು ಒಟ್ಟುಗೂಡಿಸಿ ಕಾಮಿಡಿ, ಹಿಸ್ಟರಿ, ಟ್ರ್ಯಾಜಿಡಿ ಅಂತ ಮೂರು ಪಾಲು ಮಾಡಿದರು. ಅಲ್ಲಿ ಇದು ಮತ್ತೆ ಕಾಮಿಡಿ. ಪಾಪ, ಆ ಇಬ್ಬರಿಗೂ ಈ ಪಾಲು ಹಂಚಿಕೆ ಸುಲಭವಾಗೇನೂ ಇರಲಿಲ್ಲ. ‘ಟ್ರಾಯ್ಲಸ್ ಅಂಡ್ ಕ್ರೆಸಿಡಾ’ ಅನ್ನೋ ನಾಟಕವಂತೂ ಪರಿವಿಡಿಯಲ್ಲೇ ಇಲ್ಲ. ಒಳಗೆ ಹಿಸ್ಟರಿಗಳು ಮುಗಿದು ಟ್ರ್ಯಾಜಿಡಿಗಳು ಶುರುವಾಗುವ ಸಂದಿಯಲ್ಲಿ ನಿಂತಿದೆ.

1709ರಲ್ಲಿ ನಿಕೋಲಸ್ ರೋ ಎಂಬ ಸಂಪಾದಕ ಮೊದಲ ಬಾರಿಗೆ ಗಟ್ಟಿಯಾಗಿ ತಕರಾರು ಎತ್ತಿದ. ಈ ನಾಟಕವನ್ನು ಕಾಮಿಡಿ ಅಂತ ಆಡುತ್ತಾರೆ, ಯೆಹೂದಿಯ ಪಾತ್ರವನ್ನು ಒಳ್ಳೆಯ ಹಾಸ್ಯನಟನೇ ಮಾಡುತ್ತಾನೆ, ಆದರೂ ಕವಿ ಇದನ್ನು ಟ್ರ್ಯಾಜಿಡಿಯಾಗಿಯೇ ಯೋಚಿಸಿದ್ದ ಅಂತ ನನಗನಿಸುತ್ತದೆ ಎಂದ. ಅಲ್ಲಿಂದ ಶುರುವಾದ ವಾದ ನಿಮ್ಮ ಪ್ರಶ್ನೆಪತ್ರಿಕೆಯವರೆಗೆ ಬಂದಿದೆ.

ರೋ ಯಾಕೆ ಹಾಗಂದ ಅಂತ ತಿಳಿಯಬೇಕಾದರೆ ಒಂದು ದೃಶ್ಯವನ್ನು ಹತ್ತಿರದಿಂದ ನೋಡಬೇಕು. ಮೂರನೇ ಅಂಕದ ಮೊದಲ ದೃಶ್ಯ. ‘ಯೆಹೂದಿಗೆ ಕಣ್ಣಿಲ್ವಾ? ಚುಚ್ಚಿದರೆ ನಮಗೆ ರಕ್ತ ಬರಲ್ವಾ?’ ಅನ್ನೋ ಪ್ರಸಿದ್ಧ ಮಾತು ಇರುವುದು ಇಲ್ಲೇ. ಎಲ್ಲರೂ ಅದನ್ನೇ ಬಾಯಿಪಾಠ ಮಾಡುತ್ತಾರೆ. ನನಗೆ ಅದಕ್ಕಿಂತ ಅದರ ನಂತರದ ಒಂದೂವರೆ ಪುಟ ಮುಖ್ಯ. ಶೈಲಾಕ್‌ನ ಮಗಳು ಜೆಸ್ಸಿಕಾ ಕ್ರಿಶ್ಚಿಯನ್ ಹುಡುಗ ಲೊರೆಂಜೊ ಜೊತೆ ಓಡಿಹೋಗಿದ್ದಾಳೆ. ಮನೆಯ ದುಡ್ಡು, ಒಡವೆ ಹೊತ್ತುಕೊಂಡು ಹೋಗಿದ್ದಾಳೆ. ಅವಳನ್ನು ಹುಡುಕಲು ಹೋಗಿದ್ದ ಗೆಳೆಯ ಟ್ಯೂಬಲ್ ವಾಪಸ್ ಬರುತ್ತಾನೆ. ಅವನು ಸುದ್ದಿ ಹೇಳುವ ಕ್ರಮ ನೋಡಿ. ಮಗಳು ಸಿಗಲಿಲ್ಲ. ಶೈಲಾಕ್ ಎದೆ ಬಡಿದುಕೊಳ್ಳುತ್ತಾನೆ. ಆಂಟೋನಿಯೊನ ಹಡಗು ಒಡೆದಿದೆ. ಶೈಲಾಕ್ ಕುಣಿಯುತ್ತಾನೆ: ದೇವರಿಗೆ ಸ್ತೋತ್ರ, ದೇವರಿಗೆ ಸ್ತೋತ್ರ! ನಿನ್ನ ಮಗಳು ಜಿನೋವಾದಲ್ಲಿ ಒಂದೇ ರಾತ್ರಿ 80 ಡ್ಯೂಕಟ್ ಉಡಾಯಿಸಿದಳಂತೆ. ಅಯ್ಯೋ, ಎದೆಗೆ ಚೂರಿ ಹಾಕಿದೆಯಲ್ಲೋ! ಆಂಟೋನಿಯೊ ದಿವಾಳಿ ಆಗೋದು ಖಾತ್ರಿ. ಆಹಾ, ಬಲು ಸಂತೋಷ!

ಇದು ಅಪ್ಪಟ ಹಾಸ್ಯದ ಕಟ್ಟು. ಬೊಂಬೆಯ ದಾರ ಎಳೆದಂತೆ, ಒಮ್ಮೆ ಅಳು, ಒಮ್ಮೆ ನಗು. ನಮ್ಮ ಕಂಪನಿ ನಾಟಕದ ಹಾಸ್ಯನಟರಿಗೆ ಈ ಪುಟ ಕೊಟ್ಟರೆ ರಿಹರ್ಸಲ್ ಇಲ್ಲದೆ ಆಡಿ ಶಿಳ್ಳೆ ಹೊಡೆಸಿಕೊಳ್ಳುತ್ತಾರೆ. ನಗಿಸೋಕೇ ಬರೆದ ಪುಟ ಅದು, ಅನುಮಾನ ಬೇಡ.

ಆ ಕುಣಿತದ ನಡುವೆಯೇ ಟ್ಯೂಬಲ್ ಇನ್ನೊಂದು ಸುದ್ದಿ ಹೇಳುತ್ತಾನೆ. ಒಬ್ಬ ನನಗೆ ಒಂದು ಉಂಗುರ ತೋರಿಸಿದ. ನಿನ್ನ ಮಗಳು ಒಂದು ಕೋತಿಗೆ ಬದಲಾಗಿ ಅದನ್ನು ಅವನಿಗೆ ಕೊಟ್ಟಳಂತೆ.

ಶೈಲಾಕ್ ಹೇಳುತ್ತಾನೆ: ಅದು ನನ್ನ ವೈಡೂರ್ಯದ್ದಲ್ಲ, ಪಚ್ಚೆಯದಲ್ಲ, ಬರೀ ನೀಲಿ ಫಿರೋಜಾ ಕಲ್ಲಿನ ಉಂಗುರ. ಕ್ಷಮಿಸಿ, ‘ವೈಡೂರ್ಯದ್ದಲ್ಲ, ಪಚ್ಚೆಯದಲ್ಲ’ ಅನ್ನೋದು ನಾನು ಸೇರಿಸಿದ್ದು. ಅಂಥ ದೊಡ್ಡ ಬೆಲೆಯ ಹರಳಲ್ಲ ಅಂತ ಹೇಳೋಕೆ. ಅವನ ಮಾತು ಇನ್ನೂ ಚಿಕ್ಕದು. ಅದು ನನ್ನ ಫಿರೋಜಾ. ಮದುವೆಗೆ ಮುಂಚೆ ಲೇಯಾ ನನಗೆ ಕೊಟ್ಟಿದ್ದು. ಕಾಡು ತುಂಬ ಕೋತಿ ಕೊಡ್ತೀನಿ ಅಂದರೂ ನಾನು ಅದನ್ನು ಕೊಡ್ತಿರಲಿಲ್ಲ.

ಲೇಯಾ ಅಂದರೆ ಅವನ ಹೆಂಡತಿ. ಇಡೀ ನಾಟಕದಲ್ಲಿ ಅವಳ ಹೆಸರು ಬರುವುದು ಇದೊಂದೇ ಸಲ. ‘ಕಾಡು ತುಂಬ ಕೋತಿ’ ಅನ್ನೋದು ಈಗಲೂ ತಮಾಷೆಯ ಮಾತೇ. ನಗು ಬಂದೇ ಬರುತ್ತದೆ. ಆದರೆ ಅರ್ಧಕ್ಕೆ ನಿಲ್ಲುತ್ತದೆ, ಅಲ್ವಾ? ಅಷ್ಟರಲ್ಲಿ ಟ್ಯೂಬಲ್ ‘ಆದರೆ ಆಂಟೋನಿಯೊ ಮಾತ್ರ ಮುಳುಗಿದ’ ಅನ್ನುತ್ತಾನೆ, ಬೊಂಬೆಯಾಟ ಮುಂದುವರಿಯುತ್ತದೆ. ದುಃಖಕ್ಕೆ ಶೇಕ್ಸ್‌ಪಿಯರ್ ಕೊಟ್ಟದ್ದು ಮೂರು ವಾಕ್ಯ. ರೋ ತಕರಾರು ಎತ್ತಲು ಇಂಥ ಮೂರು ವಾಕ್ಯಗಳೇ ಸಾಕು.

ಅರಿಸ್ಟಾಟಲ್ ತನ್ನ ‘ಪೊಯೆಟಿಕ್ಸ್’ನಲ್ಲಿ ನಗೆಯ ಬಗ್ಗೆ ಒಂದು ಸರಳ ಮಾತು ಹೇಳಿದ್ದಾನೆ. ನಗು ತರಿಸುವುದು ಒಂದು ಬಗೆಯ ಕೊರತೆ, ಒಂದು ವಿಕಾರ, ಆದರೆ ನೋವಿಲ್ಲದ್ದು. ಹಾಸ್ಯದ ಮುಖವಾಡ ಸೊಟ್ಟಗಿರುತ್ತದೆ, ಆದರೆ ಅದರಲ್ಲಿ ನೋವು ಕಾಣಿಸುವುದಿಲ್ಲ. ಈ ಅಳತೆಗೋಲು ಹಿಡಿದರೆ ನಮ್ಮ ತೊಡಕು ಎಲ್ಲಿದೆ ಅಂತ ಸ್ಪಷ್ಟವಾಗುತ್ತದೆ. ಶೈಲಾಕ್‌ಗೆ ಹಾಕಿರುವುದು ಹಾಸ್ಯದ ಮುಖವಾಡ. ಒಳಗೆ ನೋವಿದೆ.

ಇಲ್ಲಿ ನಾನು ನಿಮ್ಮ ಜಿಲ್ಲೆಯ ಕವಿಯೊಬ್ಬನನ್ನು ಕರೆಯುತ್ತೇನೆ. ಮುಧೋಳದ ರನ್ನ. ಬಳೆಗಾರರ ಮನೆಯ ಹುಡುಗ, ಹತ್ತನೇ ಶತಮಾನದವನು. ಅವನ ಕಾವ್ಯವನ್ನು ನಾವು ‘ಗದಾಯುದ್ಧ’ ಅನ್ನುತ್ತೇವೆ, ಆದರೆ ಅದಕ್ಕೆ ‘ಸಾಹಸಭೀಮ ವಿಜಯ’ ಅಂತಲೂ ಹೆಸರು. ಆಶ್ರಯ ಕೊಟ್ಟ ಚಾಲುಕ್ಯ ದೊರೆ ಸತ್ಯಾಶ್ರಯನನ್ನು ಭೀಮನ ಜಾಗದಲ್ಲಿ ನಿಲ್ಲಿಸಿ ಹೊಗಳುವುದೇ ಕಾವ್ಯದ ಉದ್ದೇಶ. ಕೊನೆಯಲ್ಲಿ ಭೀಮನಿಗೆ ಪಟ್ಟಾಭಿಷೇಕವೂ ಆಗುತ್ತದೆ. ಅಂದರೆ ಯೋಜನೆಯ ಪ್ರಕಾರ ಇದು ಗೆಲುವಿನ ಕಥೆ. ಆದರೆ ಗದಾಯುದ್ಧ ಓದಿದ ಯಾರನ್ನಾದರೂ ಕೇಳಿ, ನಿಮಗೆ ಏನು ನೆನಪಿದೆ ಅಂತ. ಭೀಮನ ಪಟ್ಟಾಭಿಷೇಕ ಅಂತ ಒಬ್ಬರೂ ಹೇಳುವುದಿಲ್ಲ. ರಣರಂಗದಲ್ಲಿ ಸಂಜಯನ ಜೊತೆ ಹೆಣಗಳನ್ನು ದಾಟುತ್ತಾ ನಡೆಯುವ ದುರ್ಯೋಧನ ನೆನಪಾಗುತ್ತಾನೆ. ದ್ರೋಣ, ಮಗ ಲಕ್ಷಣಕುಮಾರ, ತಮ್ಮ ದುಶ್ಶಾಸನ, ಕರ್ಣ. ಶತ್ರುವಿನ ಮಗ ಅಭಿಮನ್ಯುವಿನ ಹೆಣದ ಮುಂದೆ ನಿಂತು, ನಿನ್ನ ಸಾಹಸದ ಒಂದು ಪಾಲಿನಷ್ಟಾದರೂ ಇರುವ ಸಾವು ನನಗೆ ಬರಲಿ ಎಂದು ಬೇಡುವ ದುರ್ಯೋಧನ. ಸರೋವರದಲ್ಲಿ ಅಡಗಿ ಭೀಮನ ಗರ್ಜನೆ ಕೇಳಿ ‘ನೀರೊಳಗಿರ್ದುಂ ಬೆಮರ್ತ’ ಉರಗಪತಾಕ, ಅಂದರೆ ನೀರಿನೊಳಗಿದ್ದೂ ಬೆವರಿದ, ಹಾವಿನ ಬಾವುಟದ ದುರ್ಯೋಧನ. 20ನೇ ಶತಮಾನದಲ್ಲಿ ಬಿ.ಎಂ.ಶ್ರೀ. ಇದೇ ಕಾವ್ಯದಿಂದ ನಾಟಕ ಕಟ್ಟಿದಾಗ ಅವರ ಕಣ್ಣು ನೆಟ್ಟಿದ್ದೂ ದುರ್ಯೋಧನನ ಮೇಲೆಯೇ.

ಎರಡೂ ಕಡೆ ಆಗಿರುವುದು ಒಂದೇ ಕೆಲಸ. ಗೆಲ್ಲಬೇಕಾದವನು ಗೆದ್ದಿದ್ದಾನೆ, ನಮ್ಮ ಮನಸ್ಸು ಮಾತ್ರ ಸೋತವನ ಹಿಂದೆ ಹೋಗಿದೆ. ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ರನ್ನ ದುರ್ಯೋಧನನಿಗೆ ಅಳಲು ಜಾಗ ಕೊಟ್ಟ. ಒಂದೊಂದು ಹೆಣದ ಮುಂದೆ ನಿಲ್ಲಿಸಿದ, ಪದ್ಯದ ಮೇಲೆ ಪದ್ಯ ಕೊಟ್ಟ. ಅವನ ದುಃಖ ನೋಡಿ ಯಾರೂ ನಗದ ಹಾಗೆ ನೋಡಿಕೊಂಡ. ಶೈಲಾಕ್‌ಗೆ ಆ ಮರ್ಯಾದೆ ಸಿಗುವುದಿಲ್ಲ. ಅವನು ಅತ್ತಾಗಲೆಲ್ಲ ಪಕ್ಕದಲ್ಲಿ ಯಾರೋ ನಗುತ್ತಿರುತ್ತಾರೆ. ಆದ್ದರಿಂದಲೇ ದುರ್ಯೋಧನ ಟ್ರ್ಯಾಜಿಡಿಯ ನಾಯಕ ಅಂದರೆ ನಾನು ಒಪ್ಪುತ್ತೇನೆ, ಶೈಲಾಕ್ ಅಂದರೆ ಒಪ್ಪುವುದಿಲ್ಲ.

ರಂಗದ ಮೇಲೆ ಅವನನ್ನು ಟ್ರ್ಯಾಜಿಡಿಗೆ ಎಳೆದು ತಂದವರು ನಟರು. 1741ರಲ್ಲಿ ಚಾರ್ಲ್ಸ್ ಮ್ಯಾಕ್ಲಿನ್ ಹಾಸ್ಯದ ಶೈಲಾಕ್‌ನನ್ನು ಬಿಟ್ಟು ಭಯ ಹುಟ್ಟಿಸುವ ಶೈಲಾಕ್ ಆದ. 1814ರಲ್ಲಿ ಎಡ್ಮಂಡ್ ಕೀನ್, ವಾಡಿಕೆಯ ಕೆಂಪು ಕೂದಲು ಬಿಟ್ಟು ಕಪ್ಪು ಕೂದಲಿನಲ್ಲಿ ಬಂದು, ಮನುಷ್ಯನ ಹಾಗೆ ಕಾಣಿಸಿದ. 1879ರಲ್ಲಿ ಹೆನ್ರಿ ಇರ್ವಿಂಗ್ ಇನ್ನೂ ಮುಂದೆ ಹೋದ. ಜೆಸ್ಸಿಕಾ ಓಡಿಹೋದ ರಾತ್ರಿ ಶೈಲಾಕ್ ಲಾಟೀನು ಹಿಡಿದು ಸೇತುವೆ ದಾಟಿ ಬಂದು ಖಾಲಿ ಮನೆಯ ಬಾಗಿಲು ತಟ್ಟುತ್ತಾನೆ, ಪರದೆ ಬೀಳುತ್ತದೆ. ಇಂಥ ದೃಶ್ಯ ಶೇಕ್ಸ್‌ಪಿಯರ್‌ನಲ್ಲಿ ಇಲ್ಲವೇ ಇಲ್ಲ. ಅಷ್ಟೇ ಅಲ್ಲ, ಇರ್ವಿಂಗ್ ಕೆಲವು ಪ್ರದರ್ಶನಗಳಲ್ಲಿ ಐದನೇ ಅಂಕವನ್ನೇ ಕಿತ್ತುಹಾಕಿದ. ಕೋರ್ಟಿನಿಂದ ಶೈಲಾಕ್ ಹೊರಗೆ ನಡೆದರೆ ಆಟ ಮುಗಿಯಿತು. ನೋಡಿದವರು ಕಣ್ಣೊರೆಸಿಕೊಂಡು ಮನೆಗೆ ಹೋಗಬಹುದು.

ದೊಡ್ಡ ನಟ, ಒಪ್ಪೋಣ. ಆದರೆ ಈ ಕತ್ತರಿ ಯಾರಿಗೆ ಅನುಕೂಲ ಮಾಡಿತು? ನನ್ನ ಪ್ರಕಾರ ಪ್ರೇಕ್ಷಕರಿಗೆ. ಟ್ರ್ಯಾಜಿಡಿ ನೋಡಿದೆವು, ಮರುಗಿದೆವು, ಹಾಗಾಗಿ ನಾವು ಒಳ್ಳೆಯವರು. ಶೇಕ್ಸ್‌ಪಿಯರ್ ಇಷ್ಟು ಸುಲಭಕ್ಕೆ ಬಿಡುವವನಲ್ಲ. ಅವನು ಐದನೇ ಅಂಕ ಬರೆದಿದ್ದಾನೆ.

ಕೋರ್ಟಿನಲ್ಲಿ ಏನಾಯಿತು ನೋಡಿ. ಮಾಂಸ ಸಿಗಲಿಲ್ಲ, ಅಸಲೂ ಸಿಗಲಿಲ್ಲ. ವೆನಿಸಿನ ಪ್ರಜೆಯ ಜೀವ ತೆಗೆಯಲು ನೋಡಿದ ಪರಕೀಯ ಅಂತ ಆಸ್ತಿಗೂ ಕುತ್ತು ಬಂತು. ಕೊನೆಗೆ ಆಂಟೋನಿಯೊ ‘ದಯೆ’ ತೋರಿಸುತ್ತಾನೆ: ಶೈಲಾಕ್ ಕ್ರಿಶ್ಚಿಯನ್ ಆಗಬೇಕು, ಸತ್ತ ಮೇಲೆ ಆಸ್ತಿಯೆಲ್ಲ ಮಗಳು ಅಳಿಯನಿಗೆ ಹೋಗಬೇಕು. ಒಪ್ಪಿಗೆಯಾ ಅಂತ ಕೇಳುತ್ತಾರೆ. ಒಪ್ಪಿಗೆ ಅನ್ನುತ್ತಾನೆ. ಮೈಗೆ ಹುಷಾರಿಲ್ಲ, ಪತ್ರ ಮನೆಗೆ ಕಳಿಸಿ, ಸಹಿ ಹಾಕುತ್ತೇನೆ ಎಂದು ಎದ್ದು ಹೋಗುತ್ತಾನೆ. ಸಾಯುವುದಿಲ್ಲ, ಶಾಪ ಹಾಕುವುದಿಲ್ಲ, ದೊಡ್ಡ ಭಾಷಣವಿಲ್ಲ. ಟ್ರ್ಯಾಜಿಡಿಯ ನಾಯಕ ಹೀಗೆ ಹೋಗುವುದುಂಟೇ? ಆಟದಿಂದ ಹೊರಗೆ ಹಾಕಿಸಿಕೊಂಡವನು ಹೋಗುವ ರೀತಿ ಇದು. ಒಟ್ಟು ಐದೇ ದೃಶ್ಯಗಳಲ್ಲಿ ಅವನು ಬರುತ್ತಾನೆ. ಕೊನೆಯ ಅಂಕದಲ್ಲಿ ಅವನು ಕಾಣಿಸುವುದೇ ಇಲ್ಲ.

ಐದನೇ ಅಂಕ ತೆರೆಯುವುದು ಬೆಲ್ಮಾಂಟಿನಲ್ಲಿ, ಬೆಳದಿಂಗಳು. ಜೆಸ್ಸಿಕಾ ಮತ್ತು ಲೊರೆಂಜೊ ‘ಇಂಥದೇ ರಾತ್ರಿಯಲ್ಲಿ’ ಅಂತ ಶುರು ಮಾಡಿ ಹಳೆಯ ಪ್ರೇಮಿಗಳ ಹೆಸರು ಪೋಣಿಸುತ್ತಾರೆ. ಯಾವ ಹೆಸರುಗಳು? ಟ್ರಾಯ್ಲಸ್, ಥಿಸ್ಬಿ, ಡೈಡೊ, ಮೀಡಿಯಾ. ಒಬ್ಬರದೂ ಸುಖಾಂತ್ಯವಲ್ಲ. ಇಬ್ಬರಿಗೂ ಅದರ ಪರಿವೆಯೇ ಇಲ್ಲದೆ ಮುದ್ದುಮಾತು ಸಾಗುತ್ತದೆ. ಆಮೇಲೆ ಉಂಗುರದ ಜಗಳ. ಪೋರ್ಷಿಯಾ ಮದುವೆಯಲ್ಲಿ ಕೊಟ್ಟಿದ್ದ ಉಂಗುರವನ್ನು ಬಸ್ಸಾನಿಯೊ ಕೋರ್ಟಿನಲ್ಲಿ ಗೆದ್ದುಕೊಟ್ಟ ವಕೀಲನಿಗೆ ಕೊಟ್ಟುಬಿಟ್ಟಿದ್ದಾನೆ. ಆ ವಕೀಲ ಅವಳೇ. ಈಗ ಅವಳು ಗಂಡನನ್ನು ಗೋಳು ಹುಯ್ದುಕೊಳ್ಳುತ್ತಾಳೆ. ನಿಜವಾಗಿಯೂ ತಮಾಷೆಯ ದೃಶ್ಯ. ನಗುತ್ತಾ ಇರುವಾಗ ಲೇಯಾಳ ಉಂಗುರ ನೆನಪಾದರೆ ಮುಗಿಯಿತು. ಎಲ್ಲರೂ ಆಡಿಕೊಂಡ ಆ ಮುದುಕ ಕಾಡು ತುಂಬ ಕೋತಿಗೂ ಉಂಗುರ ಕೊಡುತ್ತಿರಲಿಲ್ಲ. ಈ ಮದುವಣಿಗ ಒಂದು ಒತ್ತಾಯಕ್ಕೆ ಕೊಟ್ಟ. ನಾಟಕ ಈ ಹೋಲಿಕೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಐದನೇ ಅಂಕ ಕಿತ್ತರೆ ಹೋಲಿಕೆಯೂ ಹೋಯಿತು.

ಆಂಟೋನಿಯೊನ ಮೂರು ಹಡಗು ಕ್ಷೇಮವಾಗಿ ಬಂದವು ಅನ್ನೋ ಪತ್ರವನ್ನೂ ಪೋರ್ಷಿಯಾಳೇ ಕೊಡುತ್ತಾಳೆ. ಇದು ನನಗೆ ಹೇಗೆ ಸಿಕ್ಕಿತು ಅಂತ ಕೇಳಬೇಡಿ ಅನ್ನುತ್ತಾಳೆ. ಕಾಮಿಡಿಯ ರೂಢಿ ಅದು, ಕೊನೆಗೆ ಎಲ್ಲ ಸರಿಹೋಗಬೇಕು. ಎಲ್ಲರಿಗೂ ಸರಿಹೋಗುತ್ತದೆ, ಹೊರಗೆ ಹೋದವನೊಬ್ಬನನ್ನು ಬಿಟ್ಟು. ಅದಕ್ಕೇ ನಾನು ಕಾಮಿಡಿ ಅಂತ ಹಠ ಹಿಡಿಯುವುದು. ಟ್ರ್ಯಾಜಿಡಿ ಅಂದರೆ ಒಬ್ಬನ ಪತನದ ಕಥೆ ಮಾತ್ರ ಕಾಣುತ್ತದೆ. ಕಾಮಿಡಿ ಅಂದಾಗ ನಗುತ್ತಿರುವವರು ಯಾರು, ಯಾವ ಬೆಲೆಗೆ ನಗುತ್ತಿದ್ದಾರೆ ಅಂತ ಕೇಳಲೇಬೇಕಾಗುತ್ತದೆ.

ಇದರಲ್ಲಿ ಅಪಾಯವೂ ಇದೆ. 1943ರಲ್ಲಿ ನಾಜಿ ಆಳ್ವಿಕೆಯ ವಿಯೆನ್ನಾದಲ್ಲಿ ವೆರ್ನರ್ ಕ್ರೌಸ್ ಎಂಬ ನಟ ಶೈಲಾಕ್‌ನನ್ನು ಹೇಸಿಗೆ ಹುಟ್ಟಿಸುವ ವಿಕಾರವಾಗಿ ಆಡಿದ. ಅಂಥ ನಗುವಿಗೆ ಈ ನಾಟಕದಲ್ಲಿ ಜಾಗ ಇಲ್ಲವೇ ಇಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಇಂಗ್ಲೆಂಡಿನಿಂದ ಯೆಹೂದಿಗಳನ್ನು 1290ರಲ್ಲೇ ಓಡಿಸಿದ್ದರು, ಮತ್ತೆ ಬಿಟ್ಟುಕೊಂಡದ್ದು 1656ರಲ್ಲಿ. ಶೇಕ್ಸ್‌ಪಿಯರ್‌ನ ಪ್ರೇಕ್ಷಕರು ತಾವು ಕಾಣದ ಜನರನ್ನು ನೋಡಿ ನಗಲು ಬಂದಿದ್ದರು. ಅವರನ್ನು ಅವನು ನಗಿಸಿದ. ನಗಿಸುತ್ತಲೇ ನಡುವೆ ಲೇಯಾಳ ಹೆಸರು ಹೇಳಿದ. ಈ ಎರಡನ್ನೂ ಬಿಡದೆ ಹೇಳಬೇಕು.

ಇನ್ನು ಪ್ರಶ್ನೆಗಳು. ಮೊದಲನೆಯದು ಹಿಂದಿನ ಬೆಂಚಿನಿಂದ ಬಂತು.

‘ಸರ್, ನಮ್ಮ ಬನಶಂಕರಿ ಜಾತ್ರ್ಯಾಗ ಆಡೋ ನಾಟಕದಾಗ ಒಂದ ಟಿಕೆಟಿಗೆ ನಗೂನೂ ಇರ್ತದ, ಅಳೂನೂ ಇರ್ತದ. ಯಾರೂ ಇದೇನ್ ಕಾಮಿಡೀನೋ ಟ್ರ್ಯಾಜಿಡೀನೋ ಅಂತ ಕೇಳೂದಿಲ್ಲ. ಇಂಗ್ಲಿಷ್‌ನವರಿಗೆ ಯಾಕ್ರಿ ಇಷ್ಟ್ ತಲಿಬ್ಯಾನಿ?’

ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಆದರೆ ಜಾತ್ರೆಯ ನಾಟಕವನ್ನು ಸ್ವಲ್ಪ ಗಮನಿಸಿ. ಅಲ್ಲಿ ನಗು ಒಂದು ದೃಶ್ಯ, ಅಳು ಇನ್ನೊಂದು ದೃಶ್ಯ. ಹಾಸ್ಯದ ಜೋಡಿ ಬಂದು ನಗಿಸಿ ಹೋಗುತ್ತದೆ, ಆಮೇಲೆ ತಾಯಿಯೋ ತಂಗಿಯೋ ಬಂದು ಅಳಿಸುತ್ತಾಳೆ. ಅಳುತ್ತಿರುವ ತಾಯಿಯನ್ನೇ ನೋಡಿ ನಗಿ ಅಂತ ಕಂಪನಿ ಮಾಲೀಕ ಯಾವತ್ತೂ ಹೇಳುವುದಿಲ್ಲ. ಹೇಳಿದರೆ ಟೆಂಟಿಗೆ ಕಲ್ಲು ಬೀಳುತ್ತವೆ. ವೆನಿಸಿನ ನಾಟಕ ಮಾಡುವುದು ಅದನ್ನೇ.

ಎರಡನೇ ಪ್ರಶ್ನೆ ಒಬ್ಬ ವಿದ್ಯಾರ್ಥಿನಿಯದು. ಕಾಲೇಜು ವಾರ್ಷಿಕೋತ್ಸವಕ್ಕೆ ಇದರ ಕೋರ್ಟ್ ದೃಶ್ಯ ಆಡುತ್ತಿದ್ದಾರಂತೆ. ಹೇಗೆ ಆಡಬೇಕು ಸರ್ ಅಂದಳು.

ಕೋರ್ಟ್ ದೃಶ್ಯದಲ್ಲಿ ಎಲ್ಲರೂ ಶೈಲಾಕ್ ಮತ್ತು ಪೋರ್ಷಿಯಾ ಪಾತ್ರಕ್ಕೆ ಒಳ್ಳೆಯ ನಟರನ್ನು ಹುಡುಕುತ್ತಾರೆ. ನೀವು ಗ್ರಾಶಿಯಾನೊಗೂ ಹುಡುಕಿ. ಬಸ್ಸಾನಿಯೊನ ಈ ಗೆಳೆಯ ಬಾಯಿಬಡುಕ. ಶೈಲಾಕ್ ಮೊದಲು ಪೋರ್ಷಿಯಾಳನ್ನು ‘ಡೇನಿಯಲ್ಲೇ ತೀರ್ಪಿಗೆ ಬಂದ ಹಾಗಾಯಿತು’ ಅಂತ ಹೊಗಳಿರುತ್ತಾನೆ (ಡೇನಿಯಲ್ ಅಂದರೆ ಬೈಬಲ್ ಕಥೆಯಲ್ಲಿ ನ್ಯಾಯವಾದ ತೀರ್ಪಿಗೆ ಹೆಸರಾದವನು). ಆಟ ತಿರುಗಿದ ಮೇಲೆ ಗ್ರಾಶಿಯಾನೊ ಅದೇ ಮಾತನ್ನು ಎತ್ತಿಕೊಂಡು ‘ಇನ್ನೊಬ್ಬ ಡೇನಿಯಲ್ ಕಣಯ್ಯಾ ಯೆಹೂದಿ, ಒಳ್ಳೆ ಪದ ಹೇಳಿಕೊಟ್ಟೆ!’ ಅಂತ ಮತ್ತೆ ಮತ್ತೆ ಚುಚ್ಚುತ್ತಾನೆ. ಶೈಲಾಕ್‌ಗೆ ಏನು ದಯೆ ತೋರಿಸುತ್ತೀರಿ ಅಂದರೆ, ಒಂದು ಹಗ್ಗ ಪುಕ್ಕಟೆ ಕೊಡಿ ಅನ್ನುತ್ತಾನೆ. ನಿಮ್ಮ ಕಾಲೇಜಿನ ಅತ್ಯಂತ ಚೆನ್ನಾಗಿ ನಗಿಸುವ ಹುಡುಗನಿಗೆ ಈ ಪಾತ್ರ ಕೊಡಿ. ಅವನ ಮಾತಿಗೆ ಸಭೆ ನಿಜವಾಗಿಯೂ ನಗಬೇಕು. ಶೈಲಾಕ್ ಆಗುವವನಿಗೆ ‘ಒಪ್ಪಿಗೆ’ ಅನ್ನೋ ಮಾತನ್ನು ಎಳೆಯಬೇಡ ಅಂತ ಹೇಳಿ. ಅಳುವುದೂ ಬೇಡ. ಹೇಳಿ ಹೋಗಲಿ.

ಸಮಯ ಸಿಕ್ಕರೆ ಐದನೇ ಅಂಕದ ಕೊನೆಯ ತುಣುಕನ್ನೂ ಸೇರಿಸಿ, ಹತ್ತು ನಿಮಿಷ ಸಾಕು. ಇಡೀ ನಾಟಕದ ಕೊನೆಯ ಮಾತು ನಾಯಕನದ್ದಲ್ಲ, ನಾಯಕಿಯದ್ದೂ ಅಲ್ಲ. ಅದೇ ಗ್ರಾಶಿಯಾನೊನದ್ದು. ಹೆಂಡತಿ ನೆರಿಸ್ಸಾಳ ಉಂಗುರವನ್ನು ಕಾಯುವುದರ ಬಗ್ಗೆ ಒಂದು ಪೋಲಿ ಜೋಕು. ಪ್ರಿನ್ಸಿಪಾಲರಿಗೆ ಮೊದಲೇ ಹೇಳಿಟ್ಟಿರಿ.